ಮನೆಯ ಡಿವಿಡಿ, ವಿಸಿಡಿಗಳನ್ನು ಉಳಿಸಿಕೊಳ್ಳುವುದು: ನಕಲು ಮೊದಲು, ಪರಿವರ್ತನೆ ಆಮೇಲೆ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಿವೃತ್ತ ಶಿಕ್ಷಕ. ನಮ್ಮ ಮನೆಯಲ್ಲಿ 38 ಡಿವಿಡಿ ಮತ್ತು 21 ವಿಸಿಡಿಗಳಿವೆ. ಮಗಳ ಮದುವೆ, ಮಗನ ಉಪನಯನ, ಗೃಹಪ್ರವೇಶ, ಊರಿನ ದೇವಸ್ಥಾನದ ಎದುರು ನಡೆದ ಬಯಲಾಟಗಳು ಮತ್ತು ಒಂದೆರಡು ತಾಳಮದ್ದಲೆ ಅವುಗಳಲ್ಲಿವೆ. ಒಂಬತ್ತು ಡಿವಿಡಿ ಮತ್ತು ಕೆಲವು ವಿಸಿಡಿಗಳು ಹಣ ಕೊಟ್ಟು ಕೊಂಡ ಕನ್ನಡ ಸಿನಿಮಾಗಳು. ತೇವ ತಾಗದಿರಲಿ ಎಂದು ಅಡುಗೆಮನೆಯ ಅಟ್ಟದಲ್ಲಿ ಇಟ್ಟಿದ್ದೆವು. ಈಗ ತೆಗೆದು ನೋಡಿದರೆ ಹಲವು ಡಿಸ್ಕ್‌ಗಳ ಮೇಲೆ ಬಿಳಿ ಬೂಸ್ಟು ಹಿಡಿದಿದೆ, ಕೆಲವು ನಡುವೆಯೇ ನಿಂತುಬಿಡುತ್ತವೆ. ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಶಿವಮೊಗ್ಗದ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಎಲ್ಲವನ್ನೂ ಎಂಪಿ4ಗೆ ಬದಲಾಯಿಸಿ, ಫುಲ್ ಎಚ್‌ಡಿ ಮಾಡಿ, ಒಂದೇ 32 ಜಿಬಿ ಪೆನ್‌ಡ್ರೈವಿನಲ್ಲಿ ಹಾಕಿಕೊಡುತ್ತೇವೆ, ಡಿಸ್ಕ್‌ಗಳನ್ನು ಎಸೆಯಬಹುದು ಎಂದರು. ಬದಲಾಯಿಸಿದರೆ ಚಿತ್ರ ಕೆಡುವುದಿಲ್ಲವೇ? ಬೂಸ್ಟು ಒಂದರಿಂದ ಇನ್ನೊಂದಕ್ಕೆ ಹರಡುತ್ತದೆಯೇ? ಕೊಂಡ ಸಿನಿಮಾವನ್ನು ನಕಲು ಮಾಡುವುದು ಅಪರಾಧವೇ? ಕ್ಯಾಮೆರಾದಲ್ಲಿ ಹಾಕುತ್ತಿದ್ದ ಮೂರು ಸಣ್ಣ ಡಿಸ್ಕ್‌ಗಳಂತೂ ಖಾಲಿ ಎಂದೇ ತೋರಿಸುತ್ತವೆ. ಏನು ಮಾಡಲಿ?

ಉತ್ತರ: ಮಾನ್ಯರೇ, ನಿಮ್ಮ ಪ್ರಶ್ನೆಗಳಲ್ಲಿ ಎರಡು ಬೇರೆ ಬೇರೆ ಕೆಲಸಗಳು ಒಂದಾಗಿ ಬೆರೆತಿವೆ, ಅಂಗಡಿಯವರೂ ಅವನ್ನು ಬೆರೆಸಿಯೇ ಮಾತನಾಡಿದ್ದಾರೆ. ಡಿಸ್ಕಿನಲ್ಲಿರುವುದನ್ನು ಒಂದಕ್ಷರವೂ ಬದಲಾಗದಂತೆ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳುವುದು ಒಂದು ಕೆಲಸ. ಹಾಗೆ ಇಳಿಸಿಕೊಂಡದ್ದನ್ನು ಟಿವಿ ಅಥವಾ ಮೊಬೈಲಿನಲ್ಲಿ ನೋಡಲು ಅನುಕೂಲವಾಗುವಂತೆ ಬೇರೆ ರೂಪಕ್ಕೆ ತರುವುದು ಇನ್ನೊಂದು. ಮೊದಲನೆಯದರಲ್ಲಿ ಗುಣಮಟ್ಟ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಎರಡನೆಯದರಲ್ಲಿ ಸಾಮಾನ್ಯವಾಗಿ ಸ್ವಲ್ಪವಾದರೂ ಕಡಿಮೆಯಾಗುತ್ತದೆ, ಮತ್ತು ಹಾಗೆ ಕಳೆದುಕೊಂಡದ್ದು ಮರಳಿ ಬರುವುದಿಲ್ಲ. ಮೊದಲನೆಯ ಕೆಲಸವನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಹೋಗುವುದು, ಆಮೇಲೆ ಮೂಲವನ್ನು ಎಸೆಯುವುದು, ಇದೇ ನಾನು ಕಂಡ ಹೆಚ್ಚಿನ ನಷ್ಟಗಳಿಗೆ ಕಾರಣ. ಆದ್ದರಿಂದ ಡಿಸ್ಕ್‌ಗಳನ್ನು ಸದ್ಯಕ್ಕೆ ಎಸೆಯಬೇಡಿ.

ಅಂಗಡಿಯವರು ಹೇಳಿದ ಲೆಕ್ಕವನ್ನೇ ಸ್ವಲ್ಪ ನೋಡೋಣ. ಮನೆಯಲ್ಲಿ ಬರೆದ ಸಾಮಾನ್ಯ ಡಿವಿಡಿಯಲ್ಲಿ 4.7 ಜಿಬಿ ಹಿಡಿಯುತ್ತದೆ, ಕೊಂಡ ಸಿನಿಮಾಗಳು ಎರಡು ಪದರದವಾಗಿದ್ದರೆ 8.5 ಜಿಬಿ, ವಿಸಿಡಿ ಒಂದಕ್ಕೆ ಮುಕ್ಕಾಲು ಜಿಬಿಯ ಆಸುಪಾಸು. ಎಷ್ಟು ಧಾರಾಳವಾಗಿ ಕೂಡಿದರೂ ನಿಮ್ಮ ಇಡೀ ಸಂಗ್ರಹ 250 ಜಿಬಿ ದಾಟುವುದಿಲ್ಲ. ಅದನ್ನು 32 ಜಿಬಿಯೊಳಗೆ ತುರುಕಬೇಕಾದರೆ ಏಳೆಂಟು ಪಟ್ಟು ಕುಗ್ಗಿಸಬೇಕು. ಇಂದು ಮಾರುಕಟ್ಟೆಯಲ್ಲಿ ಸಿಗುವ ಸಾಧಾರಣ 1 ಟಿಬಿ ಹಾರ್ಡ್‌ಡಿಸ್ಕಿನ ಕಾಲುಭಾಗದಲ್ಲಿ ಎಲ್ಲವೂ ಇದ್ದ ಹಾಗೆಯೇ ಕುಳಿತುಕೊಳ್ಳುತ್ತದೆ ಎಂದಮೇಲೆ ಇಷ್ಟೊಂದು ಕುಗ್ಗಿಸುವ ಅಗತ್ಯವೇ ಇಲ್ಲ. ಜಾಗಕ್ಕೆ ಬೆಲೆ ಹೆಚ್ಚಿದ್ದ ಕಾಲದ ರೂಢಿ ಅದು.

ಫುಲ್ ಎಚ್‌ಡಿ ಮಾಡಿಕೊಡುತ್ತೇವೆ ಎಂಬ ಮಾತನ್ನೂ ನಂಬಬೇಕಾಗಿಲ್ಲ. ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಚಿತ್ರದ ಅಳತೆ 720 x 576, ಅಂದರೆ ಒಂದು ಚೌಕಟ್ಟಿಗೆ ಸುಮಾರು ನಾಲ್ಕು ಲಕ್ಷ ಬಿಂದುಗಳು. ವಿಸಿಡಿಯಲ್ಲಿ ಅದು 352 x 288, ಸುಮಾರು ಒಂದು ಲಕ್ಷ. ಫುಲ್ ಎಚ್‌ಡಿ ಎಂದರೆ 1920 x 1080, ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಡಿವಿಡಿಯನ್ನು ಆ ಅಳತೆಗೆ ಹಿಗ್ಗಿಸಿದಾಗ ಐದರಲ್ಲಿ ನಾಲ್ಕು ಬಿಂದುಗಳನ್ನು ಯಂತ್ರ ತಾನೇ ಊಹಿಸಿ ತುಂಬಿರುತ್ತದೆ. ವಿಸಿಡಿಯಾದರೆ ಇಪ್ಪತ್ತರಲ್ಲಿ ಹತ್ತೊಂಬತ್ತು. ಈಚಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈ ಊಹೆಯನ್ನು ಜಾಣತನದಿಂದ ಮಾಡುತ್ತವೆ ಎಂಬುದು ನಿಜ, ಆದರೆ ಮದುವೆಮನೆಯ ಹಿಂದಿನ ಸಾಲಿನಲ್ಲಿ ಕುಳಿತ ಅಜ್ಜಿಯ ಮುಖದ ಜಾಗದಲ್ಲಿ ಅವು ಬರೆಯುವ ಮುಖ ಅಜ್ಜಿಯದಾಗಿರುತ್ತದೆ ಎಂಬ ಭರವಸೆ ಇಲ್ಲ. ಹಿಗ್ಗಿಸುವ ಕೆಲಸವನ್ನು ನಿಮ್ಮ ಟಿವಿ ನೋಡುವಾಗ ತಾನಾಗಿಯೇ ಮಾಡಿಕೊಳ್ಳುತ್ತದೆ; ಅದನ್ನು ಕಡತದಲ್ಲಿ ಶಾಶ್ವತವಾಗಿ ಮಾಡಿಸಲು ದುಡ್ಡು ಕೊಡುವುದು ವ್ಯರ್ಥ.

ಇನ್ನು ಬೂಸ್ಟಿನ ವಿಷಯ. ಡಿಸ್ಕ್‌ಗಳ ದಾಸ್ತಾನಿಗೆ ಗಾಳಿಯ ತೇವಾಂಶ ಶೇ 20ರಿಂದ 50ರೊಳಗೆ, ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬೇಕೆಂದು ಅಮೆರಿಕದ ರಾಷ್ಟ್ರೀಯ ಮಾನದಂಡಗಳ ಸಂಸ್ಥೆಯಾದ ಎನ್‌ಐಎಸ್‌ಟಿ 2003ರ ಕೈಪಿಡಿಯಲ್ಲಿ ಹೇಳಿದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಕುಳಿತು ಇದನ್ನು ಓದಿದರೆ ನಗು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಪಾಟಿನೊಳಗಿನ ಚರ್ಮದ ಚಪ್ಪಲಿಗೂ ಬೂಸ್ಟು ಬರುತ್ತದೆ, ಡಿಸ್ಕಿಗೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಬೂಸ್ಟು ಸಾಮಾನ್ಯವಾಗಿ ತಿನ್ನುತ್ತಿರುವುದು ಡಿಸ್ಕನ್ನಲ್ಲ. ಕಾಗದದ ಲಕೋಟೆ, ಮೇಲೆ ಅಂಟಿಸಿದ ಲೇಬಲ್ಲಿನ ಗೋಂದು, ಬೆರಳಿನ ಜಿಡ್ಡು, ಧೂಳು ಇವೇ ಅದರ ಆಹಾರ. ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಸಿಡಿಯ ಪದರವನ್ನೇ ಕೊರೆದು ಹಾಳುಮಾಡಿದ ಶಿಲೀಂಧ್ರವೊಂದು 2001ರಲ್ಲಿ ವರದಿಯಾಗಿತ್ತಾದರೂ ಅದು ಅಪರೂಪದ ಸಂಗತಿ. ಹಳೆಯ ಡಿಸ್ಕ್‌ಗಳಿಂದ ಪ್ರತಿ ತೆಗೆಯುವ ಕೆಲಸ ಮಾಡುವ ನಮ್ಮ ಮೇಜಿಗೆ ಬರುವ ಮಲೆನಾಡಿನ ಡಿಸ್ಕ್‌ಗಳಲ್ಲಿ ಹೆಚ್ಚಿನವು ತೊಳೆದ ಮೇಲೆ ಓದಿಸಿಕೊಳ್ಳುತ್ತವೆ. ಹರಡುವ ಮಾತು ಹೇಳುವುದಾದರೆ, ಬೂಸ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇದ್ದೇ ಇರುತ್ತವೆ. ಒದ್ದೆ ಲಕೋಟೆಗಳನ್ನು ಎಸೆದು ಡಿಸ್ಕ್‌ಗಳನ್ನು ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ವರ್ಗಾಯಿಸಿದರೆ ಸಾಕು.

ಅಟ್ಟದಲ್ಲಿ ಇಟ್ಟದ್ದು ಅರ್ಧ ಸರಿ. ಒಲೆಯ ಶಾಖ ಅಲ್ಲಿ ತೇವವನ್ನು ದೂರವಿಡುತ್ತದೆ, ಆದರೆ ಹೊಗೆ ತನ್ನ ಜಿಡ್ಡನ್ನು ಬಿಟ್ಟುಹೋಗುತ್ತದೆ. ಡಿಸ್ಕನ್ನು ಓರೆಯಾಗಿ ಹಿಡಿದು ನೋಡಿದರೆ ಕಾಮನಬಿಲ್ಲಿನ ಬಣ್ಣಗಳ ಮೇಲೆ ಕಂದು ಮಿಶ್ರಿತ ತೆಳುವಾದ ಮಬ್ಬು ಕಾಣಿಸುತ್ತದೆ, ಬೆರಳು ಸೋಕಿಸಿದರೆ ಅಂಟಂಟಾಗಿರುತ್ತದೆ. ಅದೇ ಜಿಡ್ಡು ಬೂಸ್ಟಿಗೆ ಊಟ. ಇದಕ್ಕಿಂತ ಗಂಭೀರವಾದದ್ದೆಂದರೆ ಶಾಖ. ಕಾರ್ಖಾನೆಯಲ್ಲಿ ಒತ್ತಿದ ಸಿನಿಮಾ ಡಿಸ್ಕಿನಲ್ಲಿ ಮಾಹಿತಿ ಪ್ಲಾಸ್ಟಿಕ್ಕಿನಲ್ಲಿ ಮೂಡಿಸಿದ ಗುಳಿಗಳ ರೂಪದಲ್ಲಿದ್ದರೆ, ಮದುವೆಯ ವಿಡಿಯೊದವರು ಬರೆದುಕೊಟ್ಟ ಡಿಸ್ಕಿನಲ್ಲಿ ಅದು ಸಾವಯವ ಬಣ್ಣದ ಪದರವೊಂದರಲ್ಲಿ ಸುಟ್ಟ ಗುರುತುಗಳ ರೂಪದಲ್ಲಿರುತ್ತದೆ. ಬಿಸಿಲು ಮತ್ತು ಶಾಖಕ್ಕೆ ಆ ಬಣ್ಣ ವರ್ಷಗಳ ಮೇಲೆ ಮಾಸುತ್ತದೆ. ಹಾಗಾಗಿ ಕೊಂಡ ಸಿನಿಮಾ ಚೆನ್ನಾಗಿ ಓಡುತ್ತಿದ್ದು, ಪಕ್ಕದಲ್ಲೇ ಇದ್ದ ಮದುವೆಯ ಡಿವಿಡಿ ಸತ್ತಿರುವುದು ನಾವು ಆಗಾಗ ನೋಡುವ ಸಂಗತಿ. ಕೆಲಸವನ್ನು ಆರಂಭಿಸುವಾಗ ಮದುವೆ, ಉಪನಯನ, ಬಯಲಾಟಗಳನ್ನು ಮೊದಲು ಮುಗಿಸಿ; ಸಿನಿಮಾಗಳು ಕಾಯಬಲ್ಲವು.

ತೊಳೆಯುವ ಕ್ರಮ ಸರಳ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ, ಮೆತ್ತನೆಯ ಬಟ್ಟೆಯನ್ನು ಅದ್ದಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಶುದ್ಧ ನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಿ. ಸುತ್ತಲೂ ವೃತ್ತಾಕಾರವಾಗಿ ಒರೆಸಬಾರದು, ಏಕೆಂದರೆ ಮಾಹಿತಿ ಸುರುಳಿಯಾಗಿ ಬರೆದಿರುತ್ತದೆ. ಅಡ್ಡಲಾಗಿ ಬಿದ್ದ ಸಣ್ಣ ಗೀರನ್ನು ಯಂತ್ರ ಸರಿಪಡಿಸಿಕೊಂಡು ಮುಂದೆ ಹೋಗುತ್ತದೆ, ಸುರುಳಿಯ ಗುಂಟ ಬಿದ್ದ ಗೀರಿನಲ್ಲಿ ಅದು ಸೋಲುತ್ತದೆ. ಥಿನ್ನರ್, ಪೆಟ್ರೋಲ್, ಸೀಮೆಎಣ್ಣೆ, ಉಗುರು ಬಣ್ಣ ತೆಗೆಯುವ ದ್ರವ ಯಾವುದೂ ಬೇಡ. ಟೂತ್‌ಪೇಸ್ಟ್ ಹಚ್ಚುವ ಮನೆಮದ್ದು ತೆಳು ಗೀರನ್ನು ಕೆಲವೊಮ್ಮೆ ಮರೆಮಾಡುವುದುಂಟು, ಆದರೆ ಹೊಸ ಗೀರುಗಳನ್ನೂ ಹಾಕುತ್ತದೆ. ಇನ್ನೊಂದು ಎಚ್ಚರಿಕೆ: ವಿಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಹೆಸರು ಬರೆದ ಮೇಲ್ಮೈಗೆ ಅಂಟಿಕೊಂಡು, ತೆಳುವಾದ ಮೆರುಗಿನ ಕೆಳಗೆ. ಆ ಬದಿಯ ಲೇಬಲ್ಲನ್ನು ಕಿತ್ತರೆ ಪದರವೂ ಕಿತ್ತುಬರಬಹುದು. ಡಿವಿಡಿಯಲ್ಲಿ ಅದು 0.6 ಮಿ.ಮೀ. ದಪ್ಪದ ಎರಡು ತಟ್ಟೆಗಳ ನಡುವೆ ಭದ್ರವಾಗಿರುವುದರಿಂದ ಅಷ್ಟು ಭಯವಿಲ್ಲ. ವಿಸಿಡಿಯನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದಾಗ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಿ ಪದರ ಹೋಗಿದೆ ಎಂದೇ ಅರ್ಥ. ಅದು ತೊಳೆಯುವುದರಿಂದ ಸರಿಹೋಗುವ ದೋಷವಲ್ಲ.

ನಕಲಿಗೆ ಬೇಕಾದದ್ದು ಯುಎಸ್‌ಬಿಗೆ ಜೋಡಿಸುವ ಹೊರಗಿನ ಡಿವಿಡಿ ಡ್ರೈವ್. ಅದನ್ನು ಹಬ್‌ಗೆ (ಒಂದೇ ಯುಎಸ್‌ಬಿ ಕಿಂಡಿಯನ್ನು ಹಲವಾಗಿಸುವ ಸಾಧನಕ್ಕೆ) ಸಿಕ್ಕಿಸದೆ ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಿ. ವಿದ್ಯುತ್ ಸಾಲದೆ ಡಿಸ್ಕ್ ನಡುವೆ ನಿಂತುಬಿಡುವುದನ್ನು ಬಹಳ ಜನ ಡಿಸ್ಕಿನದೇ ದೋಷವೆಂದು ತಿಳಿಯುತ್ತಾರೆ. ಪರಿಚಯದವರ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ದಪ್ಪ ಡ್ರೈವ್ ಇದ್ದರೆ ಅದೂ ಕೈಗೆಟುಕುವಂತಿರಲಿ, ಏಕೆಂದರೆ ಒಂದು ಡ್ರೈವ್ ಓದಲಾರದ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದುವುದು ಸಾಮಾನ್ಯ. ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್ ಎಂಬ ಉಚಿತ ತಂತ್ರಾಂಶದಿಂದ ಡಿವಿಡಿಯ ಪೂರ್ಣ ಪ್ರತಿಯನ್ನು ಐಎಸ್‌ಒ ಎಂಬ ಒಂದೇ ಕಡತವಾಗಿ ತೆಗೆಯಬಹುದು. ಮೆನು, ಅಧ್ಯಾಯಗಳು, ಧ್ವನಿ ಎಲ್ಲವೂ ಮೂಲದಲ್ಲಿದ್ದಂತೆಯೇ ಇರುತ್ತವೆ, ವಿಎಲ್‌ಸಿ ಪ್ಲೇಯರ್ ಅದನ್ನು ನೇರವಾಗಿ ತೋರಿಸುತ್ತದೆ. ಆರೋಗ್ಯವಾಗಿರುವ ಡಿಸ್ಕಿಗೆ ಹದಿನೈದು ಇಪ್ಪತ್ತು ನಿಮಿಷ ಸಾಕು.

ವಿಸಿಡಿಗೆ ಮಾತ್ರ ಬೇರೆ ದಾರಿ. ಹೆಚ್ಚು ಹೊತ್ತಿನ ಚಿತ್ರ ಹಿಡಿಸಬೇಕೆಂದು ವಿಸಿಡಿಯನ್ನು ರೂಪಿಸಿದವರು, ತಪ್ಪು ತಿದ್ದಿಕೊಳ್ಳಲು ಮೀಸಲಿಡುವ ಜಾಗವನ್ನು ಚಿತ್ರದ ಭಾಗದಲ್ಲಿ ಕಡಿಮೆ ಮಾಡಿ ಅದನ್ನೂ ಚಿತ್ರಕ್ಕೇ ಬಳಸಿಕೊಂಡರು. ಇದರಿಂದ ಎರಡು ಪರಿಣಾಮಗಳಾದವು. ಒಂದು, ಸಣ್ಣ ಗೀರಿಗೂ ವಿಸಿಡಿ ಬೇಗ ತಡವರಿಸುತ್ತದೆ. ಎರಡು, ಐಎಸ್‌ಒ ರೂಪದಲ್ಲಿ ಪ್ರತಿ ತೆಗೆದರೆ ಅದು ಸರಿಬರುವುದಿಲ್ಲ. ಬಿನ್ ಮತ್ತು ಕ್ಯೂ ಎಂಬ ಜೋಡಿ ಕಡತಗಳಾಗಿ ತೆಗೆಯಬೇಕು. ಇಮ್ಗ್‌ಬರ್ನ್ ಇದನ್ನು ತಾನೇ ಗುರುತಿಸಿ ಮಾಡುತ್ತದೆ. ಡಿಸ್ಕನ್ನು ಕಂಪ್ಯೂಟರಿನಲ್ಲಿ ತೆರೆದು, ಎಂಪೆಗ್‌ಎವಿ ಎಂಬ ಫೋಲ್ಡರಿನೊಳಗಿನ ಡ್ಯಾಟ್ ಕಡತವನ್ನು ಎಳೆದುಹಾಕಿಕೊಳ್ಳುವ ಹಳೆಯ ವಿಧಾನವೂ ನಡೆಯುತ್ತದೆ, ಆದರೆ ಗೀರು ಬಿದ್ದ ಕಡೆ ವಿಂಡೋಸ್ ಇಡೀ ನಕಲನ್ನೇ ಕೈಬಿಡುತ್ತದೆ.

ನಡುವೆಯೇ ನಿಲ್ಲುವ ಡಿವಿಡಿಗಳಿಗಾಗಿ, ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್‌ ವ್ಯವಸ್ಥೆಯಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವಿದೆ. ಅದು ಮೊದಲು ಸುಲಭವಾಗಿ ಸಿಗುವ ಭಾಗಗಳನ್ನೆಲ್ಲ ತೆಗೆದಿಟ್ಟುಕೊಂಡು, ಕೆಟ್ಟ ಜಾಗಗಳ ಪಟ್ಟಿ ಬರೆದಿಟ್ಟು, ಆಮೇಲೆ ಅವಕ್ಕೆ ಮಾತ್ರ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆ ಪಟ್ಟಿಯನ್ನು ಇಟ್ಟುಕೊಂಡು ಅದೇ ಡಿಸ್ಕನ್ನು ಬೇರೆ ಡ್ರೈವಿನಲ್ಲಿ ಹಾಕಿದರೆ, ಮೊದಲನೆಯದು ಓದದೆ ಬಿಟ್ಟದ್ದನ್ನು ಎರಡನೆಯದು ತುಂಬಿಕೊಡುತ್ತದೆ. ಎರಡು ಮೂರು ಡ್ರೈವ್‌ಗಳಲ್ಲಿ ಹೀಗೆ ಸುತ್ತಿಸಿ ಪೂರ್ತಿ ಉಳಿಸಿಕೊಂಡ ಡಿಸ್ಕ್‌ಗಳು ಹಲವಾರು. ಇದು ಮನೆಯಲ್ಲಿ ಕಷ್ಟವೆನಿಸಿದರೆ ಅಂಥ ನಾಲ್ಕಾರು ಡಿಸ್ಕ್‌ಗಳನ್ನು ಮಾತ್ರ ತಿಳಿದವರಿಗೆ ಕೊಡಿ. ಕೆಟ್ಟ ಡಿಸ್ಕನ್ನು ಮನೆಯ ಪ್ಲೇಯರಿನಲ್ಲಿ ದಿನವೂ ಹಾಕಿ ನೋಡುವುದರಿಂದ ಏನೂ ಗಿಟ್ಟುವುದಿಲ್ಲ.

ಈಗ ಪರಿವರ್ತನೆ. ಎಂಪಿ4, ಎಂಕೆವಿ ಎಂಬವು ಡಬ್ಬಿಗಳ ಹೆಸರು. ಒಳಗಿನ ಪದಾರ್ಥ ಯಾವುದೆಂಬುದು ಬೇರೆ ಮಾತು. ಡಿವಿಡಿಯೊಳಗಿನ ಚಿತ್ರ ಎಂಪೆಗ್-2 ಎಂಬ ಪದ್ಧತಿಯಲ್ಲಿರುತ್ತದೆ. ಅದನ್ನು ಮುಟ್ಟದೆ ಎಂಕೆವಿಯಲ್ಲಿ ಹಾಕಿಡುವುದು ಸಾಧ್ಯ. ಮೇಕ್‌ಎಂಕೆವಿ ಎಂಬ ತಂತ್ರಾಂಶ ಮಾಡುವುದು ಅದನ್ನೇ. ಗುಣಮಟ್ಟ ಹಾಗೆಯೇ ಉಳಿಯುತ್ತದೆ, ಕಡತ ದೊಡ್ಡದಾಗಿಯೇ ಇರುತ್ತದೆ. ಚಿಕ್ಕದು ಬೇಕೆಂದರೆ ಚಿತ್ರವನ್ನು ಬಿಚ್ಚಿ ಎಚ್.264 ಎಂಬ ಪದ್ಧತಿಯಲ್ಲಿ ಹೊಸದಾಗಿ ಕಟ್ಟಬೇಕು, ನಷ್ಟವಾಗುವುದು ಇಲ್ಲಿ. ಉಚಿತವಾದ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಗುಣಮಟ್ಟದ ಅಂಕವನ್ನು 18ರಿಂದ 20ರ ನಡುವೆ ಇಟ್ಟರೆ (ಅಂಕ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು) ಸಾಮಾನ್ಯ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಇದಕ್ಕಿಂತ ಹೊಸದಾದ ಎಚ್.265 ಇನ್ನಷ್ಟು ಜಾಗ ಉಳಿಸುತ್ತದಾದರೂ ಹಳೆಯ ಟಿವಿಗಳು ಅದನ್ನು ತೆರೆಯುವುದಿಲ್ಲ. ನೋಡುವ ಪ್ರತಿಗೆ ಎಚ್.264 ಇರುವ ಎಂಪಿ4 ಸಾಕೆಂಬುದು ನನ್ನ ಅಭಿಪ್ರಾಯ.

ಬಯಲಾಟದ ವಿಡಿಯೊಗಳಲ್ಲಿ ಇನ್ನೆರಡು ವಿಷಯ ಗಮನಿಸಬೇಕು, ಅಂಗಡಿಗಳಲ್ಲಿ ಅತಿ ಹೆಚ್ಚು ಕೆಡುವುದು ಅಲ್ಲಿಯೇ. ಆ ಕಾಲದ ಕ್ಯಾಮೆರಾಗಳು ಸೆಕೆಂಡಿಗೆ 50 ಅರೆಚಿತ್ರಗಳನ್ನು, ಒಮ್ಮೆ ಬೆಸ ಗೆರೆಗಳು ಒಮ್ಮೆ ಸರಿ ಗೆರೆಗಳು ಎಂಬಂತೆ, ಹೆಣೆದು ಇಡುತ್ತಿದ್ದವು. ಇದನ್ನು ಗಮನಿಸದೆ ಪರಿವರ್ತಿಸಿದರೆ ವೇಷಧಾರಿ ದಿಗಿಣ ಹಾಕುವಾಗ ಕೈ, ಕಿರೀಟ, ಸೆರಗಿನ ಅಂಚುಗಳೆಲ್ಲ ಅಡ್ಡಗೆರೆಗಳಾಗಿ ಸೀಳಿ ಕಾಣುತ್ತವೆ. ಗೆರೆಗಳನ್ನು ತೆಗೆಯುವ ಆಯ್ಕೆಯನ್ನು ಸುಮ್ಮನೆ ಒತ್ತಿದರೆ ಗೆರೆ ಹೋಗುತ್ತದೆ, ಆದರೆ 50ರ ಬದಲು 25 ಚಿತ್ರಗಳು ಉಳಿದು ಕುಣಿತದ ಅರ್ಧ ಚಲನೆಯೇ ಮಾಯವಾಗುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಇದಕ್ಕೆ ಬಾಬ್ ಎಂಬ ಆಯ್ಕೆ ಇದೆ. ಅದರೊಂದಿಗೆ ಚಿತ್ರಗಳ ವೇಗವನ್ನು 50 ಎಂದು ಇಟ್ಟರೆ ಪ್ರತಿ ಅರೆಚಿತ್ರದಿಂದಲೂ ಒಂದು ಪೂರ್ಣ ಚಿತ್ರ ಸಿದ್ಧವಾಗುತ್ತದೆ. ಇನ್ನೊಂದು, ಧ್ವನಿ. ಜಾಗ ಉಳಿಸಲು ಧ್ವನಿಯನ್ನು ತೀರಾ ಹಿಂಡಿದರೆ ಮಾತು ಕೇಳುತ್ತದೆ, ಚಂಡೆಯ ಪೆಟ್ಟು ಮಾತ್ರ ತಗಡು ಬಡಿದಂತಾಗುತ್ತದೆ. ಧ್ವನಿಯನ್ನು ಮೂಲದಲ್ಲಿದ್ದಂತೆಯೇ ಹಾಯಿಸಲು ಹೇಳಿ, ಇಲ್ಲವೇ ಸೆಕೆಂಡಿಗೆ 192 ಕಿಲೋಬಿಟ್‌ಗಿಂತ ಕೆಳಗಿಳಿಸಬೇಡಿ. ಚಿತ್ರದ ಆಕಾರವನ್ನೂ ಪರೀಕ್ಷಿಸಿ: 4:3ರ ಹಳೆಯ ಚಿತ್ರವನ್ನು ಟಿವಿಯ ಅಗಲಕ್ಕೆ ಎಳೆದುಕೊಟ್ಟರೆ ವಧೂವರರು ಒಂದೇ ದಿನದಲ್ಲಿ ದಪ್ಪಗಾಗಿರುತ್ತಾರೆ. ಎರಡೂ ಬದಿಯ ಕಪ್ಪು ಪಟ್ಟಿಗಳು ದೋಷವಲ್ಲ.

ನೋಡುವ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕುವಾಗ ಜಾಗವಿದ್ದರೂ ಹಿಡಿಯುವುದಿಲ್ಲ ಎಂದು ಕಂಪ್ಯೂಟರ್ ಹೇಳಿದರೆ ಗಾಬರಿ ಬೇಡ. ಕಡತಗಳನ್ನು ಫ್ಯಾಟ್32 ಎಂಬ ಹಳೆಯ ಕ್ರಮದಲ್ಲಿ ಜೋಡಿಸುವ ಪೆನ್‌ಡ್ರೈವಿನಲ್ಲಿ 4 ಜಿಬಿ ಮೀರಿದ ಒಂದೇ ಕಡತ ಕೂರುವುದಿಲ್ಲ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಎಂಬ ಹೊಸ ಕ್ರಮಕ್ಕೆ ಬದಲಾಯಿಸಬೇಕು, ಟಿವಿ ಅದನ್ನು ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಕಾನೂನಿನ ಪ್ರಶ್ನೆಗೆ ಬರೋಣ. ನಾನು ವಕೀಲನಲ್ಲ, ಆದರೆ ಈ ಕೆಲಸ ಮಾಡುವವರು ತಿಳಿದಿರಬೇಕಾದಷ್ಟು ಹೇಳಬಲ್ಲೆ. ಹಣ ಕೊಟ್ಟು ಮಾಡಿಸಿದ ವಿಡಿಯೊಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವರೇ ಮೊದಲ ಹಕ್ಕುದಾರರೆಂದು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಮದುವೆಯ ಡಿಸ್ಕ್‌ಗಳ ಬಗ್ಗೆ ನಿಮಗೆ ಯಾವ ಅಳುಕೂ ಬೇಡ. ಕೊಂಡ ಸಿನಿಮಾಗಳಿಗೆ ಸಂಬಂಧಿಸಿ 52ನೇ ಕಲಂ ಖಾಸಗಿ ಅಥವಾ ವೈಯಕ್ತಿಕ ಬಳಕೆಗಾಗಿ ಮಾಡುವ ನ್ಯಾಯಯುತ ವ್ಯವಹಾರವನ್ನು ಉಲ್ಲಂಘನೆಯೆಂದು ಪರಿಗಣಿಸುವುದಿಲ್ಲ. ವಿಸಿಡಿಗಳ ವಿನ್ಯಾಸದಲ್ಲೇ ನಕಲು ತಡೆಯುವ ಬೀಗವಿಲ್ಲ. ಆದರೆ ಹಲವು ಸಿನಿಮಾ ಡಿವಿಡಿಗಳಿಗೆ ಗೂಢಲಿಪಿಯ ಬೀಗವಿರುತ್ತದೆ, ಮತ್ತು 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಅಂಥ ಬೀಗ ಮುರಿಯುವುದಕ್ಕೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸುತ್ತದೆ. ಉದ್ದೇಶವೆಂಬ ಪದ ಇಲ್ಲಿ ಮುಖ್ಯ. ನಿಮ್ಮ ಡಿಸ್ಕಿನ ಪ್ರತಿ ನಿಮ್ಮ ಮನೆಯಲ್ಲೇ ಉಳಿದರೆ ಒಂದು ಮಾತು. ಅದನ್ನು ನೆಂಟರಿಗೆ ಹಂಚಿದರೆ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಅಥವಾ ಡಿಸ್ಕನ್ನು ಮಾರಿ ಪ್ರತಿಯನ್ನು ಇಟ್ಟುಕೊಂಡರೆ ವೈಯಕ್ತಿಕ ಬಳಕೆಯೆಂಬ ಆಸರೆ ಉಳಿಯುವುದಿಲ್ಲ. ಅಂಗಡಿಯವರು ಹಣ ಪಡೆದು ಸಿನಿಮಾ ನಕಲು ಮಾಡಿಕೊಡುವುದೂ ಈ ಆಸರೆಯಿಂದ ಹೊರಗೆ ಹೋಗುತ್ತದೆಂದೇ ನಾನು ತಿಳಿದಿದ್ದೇನೆ, ಆದ್ದರಿಂದ ಆ ಕೆಲಸವನ್ನು ನಾವು ತೆಗೆದುಕೊಳ್ಳುವುದಿಲ್ಲ. ಇಷ್ಟಕ್ಕೂ ಅಂಥ ಸಿನಿಮಾಗಳಲ್ಲಿ ಹಲವು ಬೇರೆಡೆ ಸಿಗುತ್ತವೆ. ನಿಮ್ಮ ಊರಿನ ಬಯಲಾಟ ಬೇರೆಲ್ಲೂ ಸಿಗುವುದಿಲ್ಲ. ಅದನ್ನು ಯೂಟ್ಯೂಬಿಗೆ ಹಾಕುವ ಯೋಚನೆಯಿದ್ದರೆ ಮಾತ್ರ ಮೇಳದವರ ಮತ್ತು ಕಲಾವಿದರ ಒಪ್ಪಿಗೆ ಪಡೆಯಿರಿ, ಪ್ರದರ್ಶಕರಿಗೂ ಕಾಯ್ದೆಯಲ್ಲಿ ಹಕ್ಕಿದೆ.

ಡಿಸ್ಕ್‌ಗಳಿಂದ ಇದ್ದ ಹಾಗೆಯೇ ಇಳಿಸಿಕೊಂಡ ಪ್ರತಿಗಳನ್ನು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇಡಿ, ಒಂದು ನಿಮ್ಮಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಕ್ಕಳ ಮನೆಯಲ್ಲಿ. ಮನೆಯದನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಬಳಸದಾಗ ಕಂಪ್ಯೂಟರಿನಿಂದ ಕಳಚಿಡಿ; ಮಳೆಗಾಲಕ್ಕೆ ಮುಂಚಿನ ಗುಡುಗು ಮಿಂಚಿಗೆ ಸುಟ್ಟ ಹಾರ್ಡ್‌ಡಿಸ್ಕ್‌ಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ವರ್ಷಕ್ಕೆ ಒಂದೆರಡು ಬಾರಿ ಜೋಡಿಸಿ ಕೆಲವು ಕಡತಗಳನ್ನು ತೆರೆದು ನೋಡಿ. ಪೆನ್‌ಡ್ರೈವ್ ಮತ್ತು ತಿರುಗುವ ತಟ್ಟೆಯಿಲ್ಲದ, ಚಿಪ್‌ನಲ್ಲಿ ಬರೆಯುವ ಎಸ್‌ಎಸ್‌ಡಿಗಳು ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಇಡಲು ಯೋಗ್ಯವಲ್ಲ. ಅಂತರ್ಜಾಲದ ಸಂಗ್ರಹಕ್ಕೆ ಕಳಿಸುವುದಾದರೆ, ಸೆಕೆಂಡಿಗೆ 10 ಮೆಗಾಬಿಟ್ ವೇಗ ಸಿಕ್ಕರೂ 250 ಜಿಬಿ ಏರಿಸಲು ಎರಡು ದಿನಕ್ಕೂ ಹೆಚ್ಚು ಕಾಲ ಸಂಪರ್ಕ ಕಡಿಯದೆ ಇರಬೇಕು. ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಕಡೆ ಅದನ್ನು ಪಟ್ಟಣದಲ್ಲಿರುವ ಮಕ್ಕಳಿಗೆ ಬಿಡುವುದು ವಾಸಿ.

ಕೊನೆಯದಾಗಿ ಆ ಮೂರು ಸಣ್ಣ ಡಿಸ್ಕ್‌ಗಳು. ಅವು ಕ್ಯಾಮೆರಾದೊಳಗೆ ನೇರವಾಗಿ ಬರೆಯುತ್ತಿದ್ದ 8 ಸೆಂ.ಮೀ. ಡಿವಿಡಿಗಳು, ಒಂದೊಂದರಲ್ಲಿ ಸುಮಾರು ಅರ್ಧ ಗಂಟೆಯ ಚಿತ್ರವಿರುತ್ತದೆ. ಖಾಲಿ ಎಂದು ತೋರಿಸುವುದಕ್ಕೆ ಬಹುಮಟ್ಟಿಗೆ ಕಾರಣ, ಚಿತ್ರೀಕರಣದ ನಂತರ ಅವನ್ನು ಫೈನಲೈಸ್ ಮಾಡದೆ ಬಿಟ್ಟಿರುವುದು. ಒಳಗಿನ ಚಿತ್ರ ಇದ್ದರೂ ಅದು ಎಲ್ಲಿದೆಯೆಂಬ ಸೂಚಿಯನ್ನು ಬರೆದಿರುವುದಿಲ್ಲ. ಹಳೆಯ ಕ್ಯಾಮೆರಾ ಇನ್ನೂ ಮನೆಯಲ್ಲಿದ್ದು ಚಾಲೂ ಆದರೆ ಡಿಸ್ಕನ್ನು ಅದಕ್ಕೇ ಹಾಕಿ ಮೆನುವಿನಲ್ಲಿ ಫೈನಲೈಸ್ ಆಯ್ಕೆಯನ್ನು ಒತ್ತಿ. ಕ್ಯಾಮೆರಾ ಇಲ್ಲದಿದ್ದರೆ ಅದೇ ಕಂಪನಿಯ ಅದೇ ಬಗೆಯ ಇನ್ನೊಂದನ್ನು ಯಾರಲ್ಲಾದರೂ ಕೇಳಿ ಪಡೆಯಿರಿ, ಅದೂ ಸಿಗದಿದ್ದರೆ ಡೇಟಾ ಮರಳಿ ಪಡೆಯುವ ತಂತ್ರಾಂಶವಿರುವವರ ಬಳಿ ಒಯ್ಯಿರಿ. ಅಲ್ಲಿಯವರೆಗೆ, ಈ ಡಿಸ್ಕನ್ನು ಬಳಸಲು ಫಾರ್ಮ್ಯಾಟ್ ಮಾಡಬೇಕೇ ಎಂದು ಕಂಪ್ಯೂಟರ್ ಕೇಳಿದಾಗಲೆಲ್ಲ ಬೇಡ ಎಂದೇ ಒತ್ತಿ. ಕಾರಿನ ಪ್ಲೇಯರಿನಂತೆ ಬಾಯಿಯಿಂದ ಒಳಗೆಳೆದುಕೊಳ್ಳುವ ಡ್ರೈವಿಗಂತೂ ಅವನ್ನು ಹಾಕಲೇಬೇಡಿ, ಸಣ್ಣ ಡಿಸ್ಕ್ ಒಳಗೆ ಸಿಕ್ಕಿಕೊಂಡರೆ ಡ್ರೈವನ್ನೇ ಬಿಚ್ಚಬೇಕಾಗುತ್ತದೆ.